ನಾಲ್ಕುನೂರ ಹದಿನೇಳರ ಗುಣ

ಡೆಸ್ಮಂಡ್ ಸತ್ತ ಸುದ್ದಿ ಅವನ ಅಕ್ಕ ಮೊಯಿರಾಗೆ ಬಂದದ್ದು ಅಡುಗೆಮನೆಯ ಕಪಾಟಿನ ಮೇಲಿದ್ದ ರೇಡಿಯೋದಿಂದ. ದೊಡ್ಡಿಯಲ್ಲಿ ದನ ಕೂಡಿಹಾಕುವವರು ಮನೆಯವರೊಡನೆ ಮಾತಾಡುವ ರೇಡಿಯೋ ಅದು. ಮಂಗಳವಾರ, ಬೆಳಗಿನ ಹತ್ತು ಗಂಟೆ. ಚಹಾದ ಹೊತ್ತಿಗೆಂದು ಅವಳು ಸ್ಕೋನಿಗೆ ಹಿಟ್ಟು ಕಲಸುತ್ತಿದ್ದಳು.

"ಅತ್ತೆ... ಹೋರಿ ಅಪ್ಪನ್ನ ಬೇಲಿಗೆ ಒತ್ತಿಬಿಡ್ತು. ಅಪ್ಪ ಹೋಗ್ಬಿಟ್ಟ ಅತ್ತೆ." ಡೆಸ್ಮಂಡನ ಮಗ ಬ್ರೆಂಡನ್‌ನ ದನಿ.

ಮೊಯಿರಾ ಹಿಟ್ಟಿನ ಕೈಯಲ್ಲೇ ಗುಂಡಿ ಒತ್ತಿ ಕೇಳಿದಳು. "ಯಾವ ನಂಬರು?"

ನಲವತ್ತಾರು ವರ್ಷ ಮಂದೆಯ ದನಗಳನ್ನು ನಂಬರಿನಿಂದ ಪುಸ್ತಕದಲ್ಲಿ ಬರೆದವಳ ಬಾಯಿ ಅದು. ಉಸಿರಿದೆಯೇ ಎಂದು ಕೇಳಲಿಲ್ಲ, ಪ್ರಭುವೇ ಎಂದು ಕೂಗಲಿಲ್ಲ. ಆಮೇಲೆ ಆ ಪ್ರಶ್ನೆ ನೆನಪಾದಾಗಲೆಲ್ಲ ಅವಳಿಗೆ ಮುಖ ಎತ್ತಲಾಗುತ್ತಿರಲಿಲ್ಲ. ಉತ್ತರವೇನೋ ಬಂತು.

"ನಾಲ್ಕುನೂರ ಹದಿನೇಳು."

ಶುಕ್ರವಾರ ಮಣ್ಣಾಯಿತು. ಚರ್ಚಿನ ಪಕ್ಕದ ಸಭಾಂಗಣದಲ್ಲಿ ಪಾದ್ರಿಗಳು ಅವಳ ಕೈ ಹಿಡಿದು, "ದೇವರ ಚಿತ್ತ ಮೊಯಿರಾ" ಎಂದರು.

"ದೇವರ ಮೇಲೆ ಹಾಕ್ಬೇಡಿ ಫಾದರ್. ನಮ್ಮ ದೊಡ್ಡಿ ಗೇಟು ತೆಗೆದವನು ಆತ ಅಲ್ಲ."

ಪಕ್ಕದ ಜಮೀನಿನವನೊಬ್ಬ ಬಾಯಲ್ಲಿ ಕೇಕು ಇಟ್ಟುಕೊಂಡೇ, "ಹೋರಿ ಅಂದ್ಮೇಲೆ ಹಾಯೋದೇ ಅಲ್ವಾ" ಎಂದ.

"ನಿನ್ನ ಮಂದೇಲಿ ಹಾಯತ್ತೆ. ನಮ್ಮ ಮಂದೇಲಿ ಹಾಯಲ್ಲ" ಎಂದಳು ಮೊಯಿರಾ. ಅವನು ಕೇಕು ನುಂಗಿ ಆಚೆ ಹೋದ.

ಅದು ಸುಮ್ಮನೆ ಆಡಿದ ಮಾತಲ್ಲ. ಅವರ ತಂದೆಯ ಕಾಲದಲ್ಲಿ ಮಂದೆಯೆಲ್ಲ ಬಿಳಿ ಮುಖದ ಕೆಂಪು ದನ, ಚಳಿನಾಡಿನ ತಳಿ. ಅವರಿದ್ದ ರಾಕ್‌ಹ್ಯಾಂಪ್ಟನ್ನಿನ ಬಿಸಿಲಿಗೆ ಅವುಗಳ ಕಣ್ಣು ಹುಣ್ಣಾಗುತ್ತಿತ್ತು, ಉಣ್ಣೆಹುಳು ಹತ್ತಿ ರಕ್ತ ಬತ್ತುತ್ತಿತ್ತು. ತಂದೆ ತೀರಿದ ವರ್ಷ ಡೆಸ್ಮಂಡ್ ಡುಬ್ಬದ ಬ್ರಾಹ್ಮನ್ ತಳಿಯ ಹೋರಿಯೊಂದನ್ನು ತಂದ. "ಸರ್ಕಸ್ ಯಾವತ್ತು ಶುರು ಡೆಸ್?" ಎಂದು ಊರೆಲ್ಲ ನಕ್ಕಿತು. ಮಿಶ್ರತಳಿಯ ಕರುಗಳಿಗೆ ಉಣ್ಣೆ ಅಂಟಲಿಲ್ಲ, ಒಣಹುಲ್ಲಿನಲ್ಲೂ ಮೈ ತುಂಬಿತು. ಆದರೆ ಕೆಲವು ಹುಚ್ಚೆದ್ದು ಬೇಲಿ ಹಾರಿದವು. ಮೂರನೆಯ ವರ್ಷ ಒಂದು ಹಸು ಮನೆಯಾಳು ಕ್ಲಾರಿಯ ಸೊಂಟ ಮುರಿಯಿತು.

ಅವತ್ತು ಸಂಜೆ ಡೆಸ್ಮಂಡ್ ಪುಸ್ತಕ ತೆಗೆದು, ತಾಯಿ, ತಂದೆ, ತೂಕ ಎಂಬ ಕಾಲಮ್ಮುಗಳ ಪಕ್ಕ ಇನ್ನೊಂದು ಗೀಟು ಎಳೆದು 'ಗುಣ' ಎಂದು ಬರೆದ. ಪ್ರತಿ ದನವನ್ನೂ ಕಬ್ಬಿಣದ ಪಂಜರದಲ್ಲಿ ನಿಲ್ಲಿಸಿ, ಹೊರಗೆ ಬಿಟ್ಟು ನೋಡಿ, ಒಂದರಿಂದ ಐದರವರೆಗೆ ಅಂಕಿ ಕೊಡಬೇಕು. ಒಂದು ಎಂದರೆ ಸಾಧು. ನಾಲ್ಕು, ಐದು ಬಂದದ್ದನ್ನು, ಎಷ್ಟೇ ತೂಕ ತೂಗಲಿ, ಕಸಾಯಿಖಾನೆಯ ಲಾರಿ ಹತ್ತಿಸಬೇಕು. ಅಂಕಿ ಕೂಗುವವನು ಪೆನ್ಸಿಲು ಮುಟ್ಟಬಾರದು.

"ನಂದೇ ಕಣ್ಣು ನಂದೇ ಕೈ ಆದ್ರೆ, ಇಷ್ಟವಾದ ಕರೂಗೆ ನಾನು ಸುಳ್ಳು ಬರೆದೇ ಬರೀತೀನಿ ಕಣೇ ಅಕ್ಕ" ಎಂದಿದ್ದ. ಅಂದಿನಿಂದ ಅವನು ಕೂಗಿದ, ಅವಳು ಬರೆದಳು.

ಸಭಾಂಗಣದಿಂದ ಮನೆಗೆ ಬಂದವಳು ಕರಿಯ ಉಡುಪನ್ನೂ ಬದಲಿಸದೆ ಪುಸ್ತಕ ತೆಗೆದಳು. ನಾಲ್ಕುನೂರ ಹದಿನೇಳು. ಗುಣ: 1. ಅವಳದೇ ಅಕ್ಷರ.

"ಬ್ರೆಂಡನ್! ಬಾರೋ ಇಲ್ಲಿ."

ಅವನು ಟೈ ಸಡಿಲಿಸುತ್ತ ಬಂದು ಇಣುಕಿದ. "ನೀನೇ ಬರ್ದಿದೀಯಲ್ಲ ಅತ್ತೆ. ನನ್ನನ್ಯಾಕೆ ಕರೀತೀಯ?"

"ಇದನ್ನ ಪಂಜರಕ್ಕೆ ಹಾಕಿದ ದಿನ ನಾನು ಕಣ್ಣಿನ ಪೊರೆ ತೆಗೆಸ್ಕೊಂಡು ಆಸ್ಪತ್ರೇಲಿ ಬಿದ್ದಿದ್ದೆ. ಚೀಟಿ ತಂದ್ಕೊಟ್ಟವನು ನೀನು. ಅದರಲ್ಲಿರೋದನ್ನ ಇಳಿಸ್ದೆ."

"ಚೀಟಿ ನಂದಲ್ಲ. ಅಪ್ಪಂದು."

ಮೊಯಿರಾ ಯಾವ ಚೀಟಿಯನ್ನೂ ಎಸೆದವಳಲ್ಲ. ಹಾಳೆಗೆ ಗುಂಡುಪಿನ್ನು ಚುಚ್ಚಿದ್ದ ಚೀಟಿ, ಮೇವಿನ ಚೀಲದಿಂದ ಹರಿದದ್ದು, ಅಲ್ಲೇ ಇತ್ತು. ಡೆಸ್ಮಂಡನ ಕೈಬರಹ. ಮೊದಲು 5 ಎಂದು ಬರೆದು, ಹೊಡೆದು ಹಾಕಿ, ಪಕ್ಕದಲ್ಲಿ 1 ಎಂದು ಬರೆದಿದ್ದ. ನಕಲು ಮಾಡುವಾಗಲೇ ಅವಳಿಗೆ ಆ ಗೀಟು ಕಂಡಿತ್ತು. ಕೇಳಿರಲಿಲ್ಲ.

"ಯಾಕೆ?" ಎಂದಳು.

"ಅದು ಉಳಿದ ಹೋರಿಗಳಿಗಿಂತ ಮೂವತ್ತು ಕಿಲೋ ಜಾಸ್ತಿ ತೂಗ್ತಿತ್ತು. ಇಂಥ ಹೋರಿಗೋಸ್ಕರ ಜೀವನ ಪೂರ್ತಿ ಕಾದಿದೀನಿ, ಒಂದು ಅಂಕಿಗೋಸ್ಕರ ಲಾರಿ ಹತ್ತಿಸ್ಲಾ ಅಂದ. ದಿನಾ ಅವನೇ ಮೇವು ಹಾಕಿ ಪಳಗಿಸ್ತಿದ್ದ. ನನ್ನನ್ನ ಹತ್ರ ಬಿಡ್ತಿರ್ಲಿಲ್ಲ."

"ಮುಟ್ಠಾಳ! ಮುದಿ ಮುಟ್ಠಾಳ!" ಮೊಯಿರಾ ಮೇಜಿಗೆ ಗುದ್ದಿದಳು. ಮಣ್ಣಾಗಿ ಎರಡು ಗಂಟೆಯಾಗದ ತಮ್ಮನನ್ನು ಬೈದದ್ದಕ್ಕೆ ನಾಲಿಗೆ ಕಚ್ಚಿಕೊಂಡಳು. ಸಿಟ್ಟು ಮಾತ್ರ ಇಳಿಯಲಿಲ್ಲ.

ಮೇಜಿನ ಮೇಲೆ ಬರುವ ಬುಧವಾರದ ಹರಾಜಿನ ಪಟ್ಟಿ ಬಿದ್ದಿತ್ತು. ನಾಲ್ಕುನೂರ ಹದಿನೇಳರ ಹತ್ತೊಂಬತ್ತು ಗಂಡುಮಕ್ಕಳು. ಎಲ್ಲದರ ಮುಂದೆಯೂ ಒಂದೇ ಅಚ್ಚು: ತಂದೆಯ ಗುಣ 1. ಈ ವರ್ಷ ಅವುಗಳನ್ನು ಪಂಜರಕ್ಕೆ ಹಾಕುವುದೇ ಬೇಡ, ತಂದೆಯದೇ ಸಾಕು ಎಂದಿದ್ದ ಡೆಸ್ಮಂಡ್.

"ನಾಳೆ ಹತ್ತೊಂಬತ್ತನ್ನೂ ಪಂಜರಕ್ಕೆ ಹಾಕ್ಬೇಕು."

"ಹರಾಜಾಗ್ಲಿ ಅತ್ತೆ. ಆಮೇಲೆ ಹಳೇದನ್ನ ಲಾರಿ ಹತ್ತಿಸೋಣ. ಅಪ್ಪನ ಹೆಸರು ಹಾಳು ಮಾಡ್ಬೇಕಾ?"

"ಇವು ಯಾರ ದೊಡ್ಡಿಗೆ ಹೋಗ್ತವೆ? ಅಲ್ಲಿ ರೇಡಿಯೋ ಕೇಳ್ತಾ ಹಿಟ್ಟು ಕಲಸ್ತಾ ನಿಂತಿರೋಳು ಯಾರು? ಅವಳ ಹೆಸರು ಹೇಳು, ಈ ಪಟ್ಟಿಗೆ ನಾನೇ ಸೇರಿಸ್ತೀನಿ."

"ಮಂದೆ ಈಗ ನಂದು."

"ಇಟ್ಕೋ. ಪೆನ್ಸಿಲು ನಂದು."

ಮರುದಿನ ಬೆಳಿಗ್ಗೆ ಕ್ಲಾರಿ ಸೊಟ್ಟ ಸೊಂಟದಲ್ಲೇ ಬೇಲಿಯ ಮೇಲಿನ ಅಡ್ಡಪಟ್ಟಿ ಏರಿ ಕುಳಿತ. "ಬಾಸ್ ಜಾಗದಲ್ಲಿ ನಾನು ಕೂಗೋದಾ? ಗಂಟಲು ಬರತ್ತೋ ಇಲ್ವೋ."

"ಬರದೇ ಇದ್ರೆ ಬೆರಳು ತೋರ್ಸು. ನಂಗೆ ಈಗ ಕಣ್ಣು ಚೆನ್ನಾಗಿ ಕಾಣತ್ತೆ" ಎಂದಳು ಮೊಯಿರಾ.

ಬ್ರೆಂಡನ್ ಟ್ರಕ್ಕಿಗೆ ಒರಗಿ ಕೈಕಟ್ಟಿ ನಿಂತಿದ್ದ. ಮೊದಲ ಹೋರಿ ನಿಧಾನವಾಗಿ ಹೊರಬಂದು ನೆಲ ಮೂಸಿತು. "ಎರಡು!" ಎಂದ ಕ್ಲಾರಿ. ಎರಡನೆಯದು, "ಎರಡು!" ಮೂರನೆಯದು ಪಂಜರದಿಂದ ಸಿಡಿದು, ತಿರುಗಿ, ತಲೆ ತಗ್ಗಿಸಿ ಕ್ಲಾರಿಯ ಕಾಲಡಿಯ ಬೇಲಿಗೆ ಹಾಯ್ದಿತು. ಕಬ್ಬಿಣ ಬಾಗಿತು. ಮಂಗಳವಾರ ಬಾಗಿದ್ದ ಕಂಬಿಯ ಪಕ್ಕದ್ದೇ.

"ಐದು" ಎಂದ ಕ್ಲಾರಿ, ಮೆಲ್ಲಗೆ.

ಮೊಯಿರಾ ಬರೆದಳು. ತಲೆ ಎತ್ತಿದಾಗ ಬ್ರೆಂಡನ್ ಟ್ರಕ್ಕಿನ ಹತ್ತಿರ ಇರಲಿಲ್ಲ. ಪಂಜರದ ಗೇಟು ಹಿಡಿದು ನಿಂತಿದ್ದ. ಮುಖವೆಲ್ಲ ಒದ್ದೆಯಾಗಿತ್ತು.

"ಮುಂದಿಂದು ಬಿಡ್ಲಾ ಅತ್ತೆ?"

"ಬಿಡು."

ಮಧ್ಯಾಹ್ನದ ಹೊತ್ತಿಗೆ ಹನ್ನೊಂದಕ್ಕೆ ನಾಲ್ಕೋ ಐದೋ ಬಿದ್ದಿತ್ತು. ಹನ್ನೊಂದೂ ಲಾರಿ ಹತ್ತಿದವು. ಕೊನೆಗೆ ನಾಲ್ಕುನೂರ ಹದಿನೇಳು ಹತ್ತಿತು, ಸಾಧುವಿನ ಹಾಗೆ, ಮೇವು ಹಾಕುವವನನ್ನು ಹುಡುಕುವ ಹಾಗೆ ತಿರುತಿರುಗಿ ನೋಡುತ್ತ. ಅದನ್ನು ಕಂಡು ಮೊಯಿರಾಗೆ ಮತ್ತೆ ಮೈ ಉರಿಯಿತು.

ಧೂಳು ಅಡಗಿದ ಮೇಲೆ ಅವಳು ಪುಸ್ತಕದ ಹಳೆಯ ಹಾಳೆ ತೆಗೆದು, ತನ್ನ 1ನ್ನು ಹೊಡೆದು, 5 ಎಂದು ಬರೆದು, ಕೆಳಗೆ ತನ್ನ ಹೆಸರು ಹಾಕಿದಳು. ಮಂಗಳವಾರ ಬಾಗಿದ್ದ ಕಂಬಿಯ ಬಳಿ ಹೋಗಿ ಮೊಣಕಾಲೂರಿದಳು. ಕ್ಲಾರಿ ಹ್ಯಾಟು ತೆಗೆದ. ಬ್ರೆಂಡನ್ ಪಕ್ಕಕ್ಕೆ ಬಂದು ಕುಳಿತ.

"ಪ್ರಭುವೇ, ನನ್ನ ತಮ್ಮ ಒಂದು ಸುಳ್ಳು ಬರೆದ, ನಾನು ಅದನ್ನ ಅಂದವಾಗಿ ನಕಲು ಮಾಡ್ದೆ. ಅವನ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅದು ಇಳಿಯೋವರೆಗೂ ಅವನನ್ನ ಬಾಗಿಲ ಹೊರಗೆ ಕಾಯಿಸ್ಬೇಡ. ತುಂಬಾ ದಣಿದಿದಾನೆ. ಒಳಗೆ ಕರ್ಕೊಂಡು, ನಿನ್ನ ಬೆಳಕಿನಲ್ಲಿ, ನಿನ್ನ ನೆಮ್ಮದಿಯಲ್ಲಿ ಮಲಗಿಸು. ಆಮೆನ್."