ದಾಳಿಂಬೆಗೆ ವಾರ್ನಿಶ್

ಅತೀಕ್ ಶಿರಾದಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವವನು. ಅವನು ಬರೆದ ನವಿಲು, ಕಮಲಗಳು ಮಳೆಯಲ್ಲಿ ನೆನೆದು, ಬಿಸಿಲಲ್ಲಿ ಕಾದು, ಗುಜರಾತಿನವರೆಗೆ ಹೋಗಿ ಬಂದರೂ ಹಾಗೇ ಇರುತ್ತಿದ್ದವು. ಅಂಥವನು ಮಧುಗಿರಿಯ ಶಾಲೆಯೊಂದರಲ್ಲಿ ನಡೆದ ಎರಡು ದಿನದ ಪೇಸ್ಟಲ್ ಚಿತ್ರಕಲೆಯ ಶಿಬಿರಕ್ಕೆ ಬಂದಾಗ ಮೊದಲು ಸಿಟ್ಟಾದದ್ದು ಬಣ್ಣದ ಮೇಲೇ. ಎಣ್ಣೆಯಿಲ್ಲ, ನೀರಿಲ್ಲ. ಸೀಮೆಸುಣ್ಣದಂಥ ಕಡ್ಡಿ, ತೀಡಿದರೆ ಪುಡಿ, ಮುಟ್ಟಿದರೆ ಬೆರಳಿಗೇ ಬಂತು.

"ಇದೇನ್ ಮೇಡಂ, ಊದಿದ್ರೆ ಹೋಗ್ತದೆ," ಎಂದ.

"ಹಂಗಾದ್ರೆ ಊದಬೇಡಿ," ಎಂದಳು ಲೋಹಿತಾ.

ಕಲಿಸಲು ಕೊರಟಗೆರೆಯಿಂದ ಬಂದಿದ್ದ ಲೋಹಿತಾಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಮಾತು ಕಡಿಮೆ. ಉಪ್ಪುಕಾಗದದಂಥ ಒರಟು ಹಾಳೆಯ ಮೇಲೆ, ಗೆರೆಯನ್ನೇ ಎಳೆಯದೆ, ಕಡ್ಡಿಯನ್ನು ಅಡ್ಡ ಮಲಗಿಸಿ ತೀಡಿದಳು. ಮೊದಲು ನೇರಳೆ, ಅದರ ಮೇಲೆ ಕೆಂಪು, ಅಂಚಿಗೆ ಹಸಿರು. ಹಸಿರ್ಯಾಕೆ ಎಂದು ಅತೀಕ್ ಮೂಗು ಮುರಿಯುವಷ್ಟರಲ್ಲಿ ಅಲ್ಲೊಂದು ದಾಳಿಂಬೆ ಉಬ್ಬಿ ಕೂತಿತ್ತು, ಕೈ ಹಾಕಿ ಎತ್ತಿಕೊಳ್ಳಬಹುದು ಅನ್ನುವ ಹಾಗೆ. ಕರಿ ಗೆರೆ ಹಾಕಿ ಒಳಗೆ ಬಣ್ಣ ತುಂಬುವುದೊಂದೇ ಗೊತ್ತಿದ್ದ ಅತೀಕ್ ತೆಪ್ಪಗೆ ಕೂತು ಕಲಿಯತೊಡಗಿದ.

ಎರಡನೆಯ ದಿನ ಅವನು ಒಡೆದ ದಾಳಿಂಬೆಯೊಂದನ್ನು ಬರೆದ. ಲೋಹಿತಾ ಬಹಳ ಹೊತ್ತು ನೋಡಿದಳು.

"ತುಮಕೂರಿನ ಪ್ರದರ್ಶನಕ್ಕೆ ಇಲ್ಲಿಂದ ಒಂದೇ ಚಿತ್ರ ತಗೊಳ್ಳೋದು. ಇದು ಹೋಗುತ್ತೆ. ಒಯ್ಯೋಕೆ ಸಂಜೆ ಕಾರು ಬರುತ್ತೆ."

ಅತೀಕ್‌ನ ಚಿತ್ರಗಳನ್ನು ಜನ ಓವರ್‌ಟೇಕ್ ಮಾಡುತ್ತಾ ನೋಡಿದ್ದರೇ ಹೊರತು ನಿಂತು ನೋಡಿರಲಿಲ್ಲ. ಊಟಕ್ಕೆ ಕೂತಾಗಲೂ ಒಂದೇ ಯೋಚನೆ. ಈ ಪುಡಿ ತುಮಕೂರು ಮುಟ್ಟುತ್ತದಾ? ಬಸ್ ಸ್ಟ್ಯಾಂಡ್ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಓಡಿ ಸಣ್ಣ ಡಬ್ಬಿ ವಾರ್ನಿಶ್ ತಂದ. ಲಾರಿಗೆ ಕೊನೆಯಲ್ಲಿ ಹೊಡೆಯುವಂತೆ ಚಿತ್ರಕ್ಕೂ ಒಂದು ಕೈ ಹೊಡೆದ.

ಪುಡಿ ವಾರ್ನಿಶ್ಶನ್ನು ಗಟಗಟನೆ ಕುಡಿಯಿತು. ಬೆಳಕೆಲ್ಲ ಮುಳುಗಿ ಕಾಳುಗಳು ಕಂದಿಹೋದವು.

"ಏನ್ ಸಾಬ್ರೇ, ದಾಳಿಂಬೆ ಹೋಗಿ ಹುಣ್ಸೆ ತೊಕ್ಕು ಮಾಡ್ಬುಟ್ರಲ್ಲ!" ಎಂದು ನಕ್ಕ ಅಡವಯ್ಯ. ಕೊಡಿಗೇನಹಳ್ಳಿಯ ನಿವೃತ್ತ ಕಂಡಕ್ಟರ್, ಶಿಬಿರದಲ್ಲಿ ಪಕ್ಕದ ಮೇಜಿನವನು. ಅತೀಕ್‌ನ ಮುಖ ನೋಡಿ ನಗು ನುಂಗಿಕೊಂಡ.

ಲೋಹಿತಾ ಬಂದು ಚಿತ್ರವನ್ನೂ ಡಬ್ಬಿಯನ್ನೂ ನೋಡಿದಳು.

"ಉದುರಬಾರ್ದು ಅಂತ ಹೊಡೆದೆ ಮೇಡಂ."

"ಇದಕ್ಕೆ ಗಾಜಿನ ಫ್ರೇಮ್ ಹಾಕ್ತೀವಿ. ನಾನೇ ಮೊದಲು ಹೇಳ್ಬೇಕಿತ್ತು. ಇನ್ನೊಂದು ಬರೀರಿ."

ಹಾಳೆ ಎಲ್ಲಿತ್ತು? ತಂದದ್ದೆಲ್ಲ ಮುಗಿದಿತ್ತು. ಲೋಹಿತಾ ಗೋಡೆಯ ಹತ್ತಿರ ಹೋಗಿ, ಅಲ್ಲಿ ತೂಗುಹಾಕಿದ್ದ ತನ್ನ ದಾಳಿಂಬೆಯ ಚಿತ್ರವನ್ನು ಇಳಿಸಿ, ಗಡಸು ಬ್ರಷ್ ತೆಗೆದುಕೊಂಡು ಪರಪರ ಉಜ್ಜಿದಳು.

"ಯಾ ಅಲ್ಲಾ! ಬೇಡ ಮೇಡಂ!"

ಕೆಂಪು ಪುಡಿ ನೆಲಕ್ಕೆ ಸುರಿಯಿತು. ಅವಳು ಹಾಳೆಯನ್ನು ಒದರಿದಳು. "ನಂಗೆ ಇನ್ನೊಂದು ಬರೆಯೋಕೆ ಬರುತ್ತೆ. ಕೂತ್ಕೊಳ್ಳಿ, ಹೊತ್ತಾಗುತ್ತೆ."

ಒಂದು ದಳ ಕೆಟ್ಟರೆ ಇಡೀ ಗ್ಯಾರೇಜು ಕೇಳುವಂತೆ ಬೈದಾಡುತ್ತಿದ್ದ ಅತೀಕ್ ನೆಲದ ಕೆಂಪು ಪುಡಿಯನ್ನು ದಾಟಿ ಬಂದು ಕೂತ. ಹಣ್ಣು ಬರೆಯುವುದಕ್ಕಿಂತ ಅದನ್ನು ಹೀಗೆ ಅಳಿಸುವುದು ದೊಡ್ಡ ಕಸುಬು ಅನ್ನಿಸಿತು. ನೇರಳೆ ಕಡ್ಡಿ ಎತ್ತಿಕೊಂಡ.

"ಅದುಮಬೇಡಿ. ಹಾಳೆಯ ಒರಟು ತುಂಬಿಹೋದ್ರೆ ಮೇಲಿನ ಬಣ್ಣ ಕೂರಲ್ಲ," ಎಂದಷ್ಟೇ ಹೇಳಿ ಅವಳು ಬೇರೆಯವರ ಮೇಜಿಗೆ ಹೋದಳು.

ಹೊರಗೆ ಕಾರು ಹಾರನ್ ಹೊಡೆದಾಗ ಅವನು ಕೊನೆಯ ಕಾಳಿಗೆ ಬೆಳಕಿನ ಚುಕ್ಕೆ ಇಡುತ್ತಿದ್ದ. ಲೋಹಿತಾ ಬಗ್ಗಿ ನೋಡಿದಳು.

"ಕಾಳು ಮೊದಲನೇದರಲ್ಲೇ ಚೆನ್ನಾಗಿದ್ವು. ನೆರಳು ಇದರಲ್ಲಿ ಚೆನ್ನಾಗಿದೆ. ಹೋಗುತ್ತೆ. ಹೆಸರು ಬರೀರಿ."

ಅತೀಕ್ ಮೂಲೆಯಲ್ಲಿ ಹೆಸರು ಬರೆದು ತಲೆ ಕೆರೆದುಕೊಂಡ. "ಫೋನ್ ನಂಬರೂ ಬರೀಲಾ ಮೇಡಂ? ಲಾರಿಗೆ ಬರೀತೀವಿ."

ಎರಡು ದಿನದಲ್ಲಿ ಲೋಹಿತಾ ಜೋರಾಗಿ ನಕ್ಕಿದ್ದು ಆಗಲೇ. "ಬರೀರಿ. ಹಿಂದ್ಗಡೆ."

ಅವನು ಹಾಳೆ ಮಗುಚಲು ಹೋದ. "ಮಕಾಡೆ ಹಾಕ್ಬೇಡಿ!" ಎಂದು ಅವಳು ಚೀರಿದಳು. ಅಡವಯ್ಯ ಹಾಳೆಯನ್ನು ಎತ್ತಿ, ಎರಡೂ ಅಂಚು ಹಿಡಿದು, ಉಸಿರು ಬಿಗಿಹಿಡಿದು ನಿಂತ. ಅತೀಕ್ ಹಾಳೆಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಪೆನ್ಸಿಲ್ಲು ಒತ್ತದೆ, ಒಂದೊಂದೇ ಅಂಕಿ ಬರೆದ.