ಇನ್ನು ಮೂರೇ ತಿಂಗಳು

ಮೂರನೇ ಮಹಡಿಯಿಂದ ದೇಹ ಇಳಿಸುವಾಗ ಕಾಲಿನ ಕಡೆ ಹಿಡಿದವನು ಲೆಕ್ಕದ ಗುಮಾಸ್ತ. ನೌಕರರ ವಸತಿಗೃಹದ ಮೆಟ್ಟಿಲು ಕಿರಿದು. ತಿರುವು ಬಂದಾಗಲೆಲ್ಲ ಸ್ಟ್ರೆಚರು ಗೋಡೆಗೆ ಉಜ್ಜುತ್ತಿತ್ತು.

“ನಿಧಾನ, ಗುಮಾಸ್ತರೇ. ಯಾಕೆ ಹಿಂಗೆ ನಡುಗ್ತಿದೀರಿ?” ಎಂದ ತಲೆಯ ಕಡೆ ಹಿಡಿದಿದ್ದ ಬೀದಿದೀಪದ ಏಣಿಗಾಡಿಯ ಡ್ರೈವರ್.

“ಭಾರ ಕಣಪ್ಪಾ.”

“ಎಲ್ಲಿ ಭಾರ? ಮೂರು ತಿಂಗಳಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ರು ಲೈಟಣ್ಣ. ಆಪರೇಷನ್ ಮಾಡಿಸ್ಕೊಳ್ಳಿ ಅಂತ ಬಡ್ಕೊಂಡೆ. ಯಾವ ಪುಣ್ಯಾತ್ಮನೋ ಇನ್ನೂ ಸ್ವಲ್ಪ ದಿನ ಕಾಯಿ ಅಂದನಂತೆ.”

ಮೇಲೆ ಬಾಗಿಲಲ್ಲಿ ನಿಂತಿದ್ದ ಲೈಟಣ್ಣನ ಹೆಂಡತಿಗೆ ಆ ಮಾತು ಕೇಳಿಸಿತೋ ಏನೋ. ತಲೆಯೆತ್ತಿ ನೋಡುವ ಧೈರ್ಯ ಗುಮಾಸ್ತನಿಗಾಗಲಿಲ್ಲ.

*

ಊರಿನ ಬೀದಿದೀಪಗಳನ್ನು ಮೂವತ್ನಾಲ್ಕು ವರ್ಷ ನೋಡಿಕೊಂಡ ಲೈಟಣ್ಣನಿಗೆ ಕಂಬದ ಎತ್ತರದ ಭಯವಿರಲಿಲ್ಲ, ಮುಪ್ಪಿನ ಭಯವಿತ್ತು. ಅವನ ಅಪ್ಪ ಕೊನೆಗಾಲದಲ್ಲಿ ಕನ್ನಡಕದ ಗಾಜು ಒಡೆದದ್ದನ್ನು ಮಕ್ಕಳಿಗೆ ಹೇಳಲು ನಾಚಿ, ಒಂದೇ ಕಣ್ಣಿನಲ್ಲಿ ಪೇಪರು ಓದುತ್ತಿದ್ದನಂತೆ. ಲೈಟಣ್ಣ ಹೊಸದಾಗಿ ಕೆಲಸಕ್ಕೆ ಸೇರಿದ ತಿಂಗಳೇ ಗುಮಾಸ್ತನ ಮೇಜಿನ ಮುಂದೆ ನಿಂತಿದ್ದ.

“ಪಿಂಚಣಿ ಸಾಲದು ಅಂತಾರೆ. ಏನ್ ಮಾಡ್ಲಿ?”

“ಸಂಬಳದಲ್ಲೇ ಇನ್ನಷ್ಟು ನಿವೃತ್ತಿ ಖಾತೆಗೆ ಹಿಡಿಸಿಬಿಡು. ಹಿಡಿಸಿದ್ದಕ್ಕೆ ತೆರಿಗೆ ಇಲ್ಲ. ಅರವತ್ತು ತುಂಬಿದ ಮೇಲೆ ತೆಗೆದರೆ ಆಗಲೂ ಇಲ್ಲ.”

“ಮಧ್ಯದಲ್ಲಿ ಬೇಕಾದ್ರೆ?”

“ಮೂರರಲ್ಲೊಂದು ಪಾಲು ಸರ್ಕಾರಕ್ಕೆ.”

“ಹಂಗಾದ್ರೆ ಮಧ್ಯದಲ್ಲಿ ಬೇಕಾಗೋದೇ ಇಲ್ಲ ಬಿಡಿ,” ಎಂದು ನಕ್ಕಿದ್ದ. ಸಂಬಳ ಏರಿದಾಗಲೆಲ್ಲ ಹಿಡಿಸುವ ಮೊತ್ತವನ್ನೂ ಏರಿಸುತ್ತ ಬಂದ. ಸಮುದ್ರ ನೋಡಬೇಕೆಂಬ ಹೆಂಡತಿಯ ಆಸೆಯನ್ನೂ ಅರವತ್ತಕ್ಕೇ ಮುಂದೂಡಿದ.

ಎರಡು ತಿಂಗಳ ಹಿಂದೆ ಮತ್ತೆ ಅದೇ ಮೇಜಿನ ಮುಂದೆ ಬಂದು ನಿಂತ. ಕೈಯಲ್ಲಿ ಡಾಕ್ಟರ ಚೀಟಿ. ಹೃದಯದ ನಾಳ ಕಟ್ಟಿದೆ, ಆದಷ್ಟು ಬೇಗ ಆಪರೇಷನ್ ಆಗಬೇಕು.

“ಈಗ ತೆಗೀಲಾ, ಸಾರ್?”

ಗುಮಾಸ್ತ ಹುಟ್ಟಿದ ತಾರೀಖು ನೋಡಿದ, ಲೆಕ್ಕ ಹಾಕಿದ. ಚೀಟಿಯನ್ನು ಓದಲಿಲ್ಲ. “ಇನ್ನು ಮೂರೇ ತಿಂಗಳಲ್ವಾ ಮಾರಾಯ? ಈಗ ತೆಗೆದ್ರೆ ಹತ್ತು ವರ್ಷದ ದುಡಿಮೆ ನೀರಿಗೆ ಹೋಗುತ್ತೆ. ತಡ್ಕೋ.”

ಲೈಟಣ್ಣ ಎರಡು ತಿಂಗಳು ಹನ್ನೊಂದು ದಿನ ತಡೆದುಕೊಂಡ.

*

ಸ್ಮಶಾನದಲ್ಲಿ ಎಲ್ಲ ಮುಗಿಸಿಕೊಂಡು ಬಂದವರು ಒಬ್ಬೊಬ್ಬರಾಗಿ ಚದುರಿದರು. ಗುಮಾಸ್ತನೂ ಚಪ್ಪಲಿಗೆ ಕಾಲು ಹಾಕಿದ್ದ.

“ಅಣ್ಣಾ, ಸ್ವಲ್ಪ ಒಳಗೆ ಬನ್ನಿ.”

ಲೈಟಣ್ಣನ ಹೆಂಡತಿ ಅವನನ್ನು ಚಿಕ್ಕ ಕೋಣೆಗೆ ಕರೆದೊಯ್ದು ಬಾಗಿಲ ಚಿಲಕ ಹಾಕಿದರು. ಮಂಚದ ಮೇಲೆ ಕಚೇರಿಯವರು ಕೊಟ್ಟುಹೋದ, ನಿವೃತ್ತಿ ಖಾತೆಯ ಹಣ ಕೋರುವ ಅರ್ಜಿಯಿತ್ತು.

“ಇದನ್ನು ತುಂಬಿಕೊಡಿ. ನನಗೆ ತಲೆಬುಡ ಗೊತ್ತಾಗ್ತಿಲ್ಲ.”

ಅವನು ಪೆನ್ನು ತೆಗೆದ. ತೆಗೆದು ಸುಮ್ಮನೆ ಹಿಡಿದುಕೊಂಡ. “ಅಕ್ಕಾ, ಕಾಯಿ ಅಂತ ಹೇಳಿದ್ದು ನಾನೇ.”

“ಗೊತ್ತು. ಅವತ್ತೇ ಹೇಳಿದ್ರು.”

ಅವನು ಬೈಗುಳಕ್ಕೆ ಕಾದ. ಆಕೆ ಮಂಚದ ಅಂಚಿನಲ್ಲಿ ಕುಳಿತು ದನಿ ತಗ್ಗಿಸಿದರು.

“ಕಾಯೋದು ಬೇಡ, ಈಗಲೇ ಮಾಡಿಸ್ಕೊಳ್ತೀನಿ ಅಂದ್ರು ಅವರು. ಎದೆನೋವು ಜಾಸ್ತಿ ಆಗಿತ್ತು. ಅಷ್ಟು ದುಡ್ಡು ಸುಮ್ನೆ ಹೋಗುತ್ತಲ್ಲಾ, ಆಮೇಲೆ ನಮ್ಮ ಗತಿ ಏನು ಅಂತ ನಾನೇ ತಡೆದೆ. ಗುಮಾಸ್ತರು ಲೆಕ್ಕ ಬಲ್ಲವರು, ಅವರ ಮಾತು ಕೇಳಿ ಅಂದೆ.” ಒಂದು ಗಳಿಗೆ ಬಾಗಿಲ ಕಡೆ ನೋಡಿದರು. “ಮಗಳಿಗೆ ಇದ್ಯಾವುದೂ ಗೊತ್ತಿಲ್ಲ. ಡಾಕ್ಟರೇ ತಡ ಮಾಡಿದ್ರು ಅಂದ್ಕೊಂಡಿದಾಳೆ.”

ಗುಮಾಸ್ತನಿಗೆ ಹಗುರವಾಗಲಿಲ್ಲ. ಒಬ್ಬನ ಭಯ ಇಬ್ಬರದಾಯಿತು, ಅಷ್ಟೆ. ಅರ್ಜಿಯನ್ನು ಮಡಿಲಿಗೆಳೆದು ಬರೆಯತೊಡಗಿದ. ಮೃತರ ಹೆಸರು. ಹುದ್ದೆ. ಸೇವೆಯ ಅವಧಿ. ಕಾಗದ ಜಾರುತ್ತಿತ್ತು, ಆಕೆ ಅಂಗೈಯಿಂದ ಒತ್ತಿ ಹಿಡಿದರು.

ಮುಂದಿನ ಸಾಲು, ಮರಣಕ್ಕೆ ಕಾರಣ.

“ಅಮ್ಮಾ,” ಹೊರಗಿನಿಂದ ಮಗಳು ಬಾಗಿಲು ತಟ್ಟಿದಳು. “ಯಾಕೆ ಚಿಲಕ ಹಾಕ್ಕೊಂಡಿದೀರಿ? ಒಳಗೆ ಯಾರಿದಾರೆ?”

ಇಬ್ಬರೂ ಏಳಲಿಲ್ಲ. ಕಾಗದಕ್ಕೆ ಊರಿದ್ದ ಪೆನ್ನಿನ ತುದಿಯಿಂದ ಮಸಿಯ ಚುಕ್ಕೆ ಖಾಲಿ ಸಾಲಿನ ಮೇಲೆ ಮೆಲ್ಲಗೆ ಹರಡುತ್ತಿತ್ತು.