ವೆಲ್ಕೊ ಮಾಮನ ವೆಲ್ಡಿಂಗ್

ಶುಕ್ರವಾರ ಸಂಜೆ ಹೊಲಿಗೆ ಕಾರ್ಖಾನೆಯಿಂದ ಬಂದವಳೇ ಬಟ್ಟೆ ಬದಲಿಸಿ ನನ್ನ ನೀವಾ ಜೀಪಿನ ಕೆಳಗೆ ತೂರಿಕೊಂಡೆ. ಟಾರ್ಚ್ ಹಾಕಿದೆ. ಮರುಕ್ಷಣವೇ ಹಣೆ ಗಾಡಿಯ ತಳಕ್ಕೆ ಧಡ್ ಎಂದು ಬಡಿಯಿತು. ಕಂಡದ್ದನ್ನು ನಂಬಲಾಗದೆ, ಮಲಗಿರುವುದನ್ನೇ ಮರೆತು ಎದ್ದು ಕೂರಲು ಹೋಗಿದ್ದೆ.

"ಅಪ್ಪಾ! ಯಾರು ಮಾಡಿದ್ದು ಇದನ್ನ?"

ಅಪ್ಪ ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಮಾರನೆಯ ದಿನದ ಗೊಜ್ಜಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದ. "ಯಾವುದನ್ನಮ್ಮಾ?"

"ಟ್ರಾನ್ಸ್‌ಫರ್ ಕೇಸಿಗೆ ವೆಲ್ಡಿಂಗ್ ಹೊಡೆದುಬಿಟ್ಟಿದಾರೆ! ನಾಲ್ಕೂ ಕಡೆ!"

"ಓ, ಅದಾ!" ಅಪ್ಪನ ದನಿಯಲ್ಲಿ ಹೆಮ್ಮೆ. "ಮಧ್ಯಾಹ್ನ ವೆಲ್ಕೊ ಬಂದಿದ್ದ. ನಿನ್ ಗಾಡಿ ನಡುಗುತ್ತೆ ಅಂದೆ. ತಕ್ಷಣ ಮನೆಗ್ ಹೋಗಿ ಮಷೀನ್ ತಂದು ಕೆಲಸ ಮುಗಿಸಿಬಿಟ್ಟ. ಎರಡು ಗ್ಲಾಸ್ ರಾಕಿಯಾ ಸಾರಾಯಿ ಬಿಟ್ರೆ ಏನೂ ಮುಟ್ಲಿಲ್ಲ ಪಾಪ. ಇನ್ಮೇಲೆ ಅದು ಜನ್ಮದಲ್ಲಿ ಅಲ್ಲಾಡಲ್ಲ ನೋಡು."

"ಅಪ್ಪಾ, ಅದು ಅಲ್ಲಾಡ್ಬೇಕು!"

"ಅಲ್ಲಾಡ್ಬೇಕಾ? ಅಲ್ಲಾಡುತ್ತೆ ಅಂತ ತಾನೆ ನೀನು ಒಂದು ತಿಂಗಳಿಂದ ಒದ್ದಾಡ್ತಿದ್ದಿದ್ದು?"

ಹೇಗೆ ಹೇಳಲಿ ಈ ಮನುಷ್ಯನಿಗೆ! ನೀವಾದಲ್ಲಿ ಎಂಜಿನ್ನು, ಗೇರ್‌ಬಾಕ್ಸು ಒಟ್ಟಿಗೆ ಕೂತಿರುತ್ತವೆ. ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ನಾಲ್ಕು ಚಕ್ರಗಳಿಗೂ ಹಂಚುವ ಕಬ್ಬಿಣದ ಡಬ್ಬಿ ಮಾತ್ರ ಹಿಂದೆ ಬೇರೆಯಾಗಿ ಗಾಡಿಯ ನೆಲಕ್ಕೆ ಬೋಲ್ಟ್ ಆಗಿರುತ್ತದೆ. ಅದೇ ಟ್ರಾನ್ಸ್‌ಫರ್ ಕೇಸ್. ನಡುವೆ ಮೊಣಕೈ ಉದ್ದದ, ತಿರುಗುವ ಒಂದು ಶಾಫ್ಟು, ಅದರ ತುದಿಗೆ ಜೋಡಣೆಯ ಒಂದು ರಬ್ಬರ್ ಕಪ್ಲಿಂಗು. ಡಬ್ಬಿ ಗೇರ್‌ಬಾಕ್ಸಿನ ನೇರಕ್ಕೆ ಕೂತರೆ ಗಾಡಿ ಬೆಣ್ಣೆ. ಒಂದು ಕೂದಲಿನಷ್ಟು ಪಕ್ಕಕ್ಕೆ ಸರಿದರೂ ಎಂಬತ್ತರ ವೇಗದಲ್ಲಿ ಹಲ್ಲು ಕಟಕಟ ಎನ್ನುತ್ತದೆ. ಅದನ್ನು ನೇರ ಮಾಡಲೆಂದೇ ಬೋಲ್ಟಿನ ತೂತುಗಳನ್ನು ಉದ್ದಕ್ಕೆ ಕೊರೆದಿರುತ್ತಾರೆ. ನಟ್ಟು ಸಡಿಲಿಸಿ ಡಬ್ಬಿಯನ್ನು ಅತ್ತಿತ್ತ ಜರುಗಿಸಿ, ಸರಿಯಾದ ಜಾಗ ಸಿಕ್ಕಾಗ ಬಿಗಿ ಮಾಡಬೇಕು. ನಾನು ಶನಿವಾರ ಮಾಡಬೇಕೆಂದಿದ್ದ ಕೆಲಸವೇ ಅದು. ವೆಲ್ಕೊ ಮಾಮ ಆ ಡಬ್ಬಿಯನ್ನು ಸೊಟ್ಟಗೆ ಇದ್ದ ಹಾಗೆಯೇ ನೆಲಕ್ಕೆ ಅಂಟಿಸಿ ಹೋಗಿದ್ದರು!

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ನನ್ನ ಕೇಳಿದ್ನಲ್ಲ. ನಾನು ಹೂಂ ಅಂದೆ."

"ಗಾಡಿ ಯಾರದ್ದು?"

ಅಪ್ಪ ಬೆಳ್ಳುಳ್ಳಿ ಸಿಪ್ಪೆಯನ್ನು ಉಫ್ ಎಂದು ಊದಿದ. "ಭಾನುವಾರ ನಿನ್ನನ್ನ ಸೇರಿಸ್ಕೊಳ್ಬೇಕಾದವನು ಅವನೇ. ನೆನಪಿರ್ಲಿ."

ನೆನಪಿಲ್ಲದೆ ಏನು! ಕಳೆದ ಬೇಸಿಗೆಯಲ್ಲಿ ನಮ್ಮ ಊರಿನ ಮೇಲಿನ ಪೈನ್ ಕಾಡು ಹೊತ್ತಿಕೊಂಡಾಗ ಪಟ್ಟಣದಿಂದ ಬಂದ ಕೆಂಪು ಲಾರಿಗಳು ಸೇತುವೆಯ ಹತ್ತಿರವೇ ನಿಂತುಬಿಟ್ಟವು. ಮೇಲೆ ಹತ್ತಿದ್ದು ಊರಿನ ನೀವಾಗಳು, ಹಿಂದಿನ ಸೀಟು ಕಿತ್ತು ನೀರಿನ ಟ್ಯಾಂಕು ಕೂರಿಸಿಕೊಂಡು. ನಾನು ಅವತ್ತು ಬಕೆಟ್ ಹಿಡಿದುಕೊಂಡು ಕೆಳಗೆ ನಿಂತಿದ್ದೆ. ನಮ್ಮ ಜೇನುಪೆಟ್ಟಿಗೆಗಳು ಸುಟ್ಟು ಹೋಗುವುದು ನಾನು ನಿಂತಲ್ಲಿಗೇ ಕಾಣುತ್ತಿತ್ತು. ಮುಂದಿನ ಸಲ ಬಕೆಟ್ ಹಿಡಿದು ನಿಲ್ಲುವುದಿಲ್ಲ ಅಂತ ಅವತ್ತೇ ತೀರ್ಮಾನಿಸಿದೆ. ಚಳಿಗಾಲ ಮುಗಿಯುವ ಹೊತ್ತಿಗೆ, ನನಗಿಂತ ವಯಸ್ಸಾದ ಈ ನೀವಾವನ್ನು ಒಬ್ಬ ಬೇಟೆಗಾರನಿಂದ ಕೊಂಡೆ. ತುಕ್ಕು ಕೆರೆದೆ, ಬ್ರೇಕು ಬದಲಿಸಿದೆ, ರೇಡಿಯೇಟರು ಬಿಚ್ಚಿ ತೊಳೆದೆ. ಎಲ್ಲ ಈ ಅಂಗಳದಲ್ಲೇ. ಗ್ಯಾರೇಜಿನಲ್ಲಿ ಅಮ್ಮನ ಉಪ್ಪಿನಕಾಯಿ ಜಾಡಿಗಳಿರುವುದರಿಂದ ನಮ್ಮ ಮನೆಯಲ್ಲಿ ಗಾಡಿಗೆ ಒಳಗೆ ಜಾಗವಿಲ್ಲ.

ಈ ಭಾನುವಾರ ಊರಿನ ಬೆಂಕಿ ಆರಿಸುವ ಪಡೆಗೆ ಹೊಸ ಗಾಡಿ ಸೇರಿಸಿಕೊಳ್ಳುವ ದಿನ. ಟ್ಯಾಂಕು ತುಂಬಿಸಿ, ಬೆಂಕಿ ಹರಡದಂತೆ ಕಾಡಿನ ನಡುವೆ ಬೋಳಿಸಿದ ಕಡಿದಾದ ಬೆಂಕಿಪಟ್ಟಿ ಹತ್ತಬೇಕು. ಪಡೆಯ ನಾಯಕ ವೆಲ್ಕೊ ಮಾಮ. ಊರಿನ ಅರ್ಧ ಗೇಟುಗಳಿಗೆ ಅವರದ್ದೇ ವೆಲ್ಡಿಂಗ್. ಗೇಟಿಗೆ ಹೊಡೆದ ಹಾಗೆ ನನ್ನ ಗಾಡಿಗೂ ಹೊಡೆದಿದ್ದರು.

ಶನಿವಾರ ಬೆಳಿಗ್ಗೆ ಅಂಗಳದ ತುಂಬ ಹೊಗೆ. ಸುಟ್ಟು ಸಿಪ್ಪೆ ತೆಗೆದ ಕೆಂಪು ದಪ್ಪಮೆಣಸಿನಕಾಯಿ, ಟೊಮೆಟೊ, ಬದನೆ ಎಲ್ಲ ದೊಡ್ಡ ಹಂಡೆಯಲ್ಲಿ ಕುದಿಯುತ್ತಿತ್ತು. ಚಳಿಗಾಲದ ಲ್ಯೂಟೆನಿತ್ಸಾ ಗೊಜ್ಜು. ಒಮ್ಮೆ ಒಲೆ ಹತ್ತಿಸಿದರೆ ಕೈ ಬಿಡದೆ ತಿರುವುತ್ತಿರಬೇಕು, ಒಂದು ನಿಮಿಷ ಬಿಟ್ಟರೂ ತಳ ಹಿಡಿದು ಹಂಡೆಯೆಲ್ಲ ಕೆಡುತ್ತದೆ. ಅಮ್ಮ ಮರದ ಹುಟ್ಟು ಹಿಡಿದು ನಿಂತಿದ್ದಳು. ಪಕ್ಕದ ಮನೆಯ ಪೆನಾ ಅತ್ತೆ ಜಾಡಿ ಒರೆಸುತ್ತಿದ್ದಳು. ಹೊಗಳಿಕೆ ತೆಗೆದುಕೊಂಡು ಹೋಗಲು ವೆಲ್ಕೊ ಮಾಮ ಗೇಟು ತಳ್ಳಿಕೊಂಡು ಬಂದರು.

"ಹೆಂಗಿದೆ ಹುಡುಗಿ, ಗಾಡಿ? ಕಲ್ಲಿನ ಹಾಗೆ ಕೂತಿದೆ, ಹೌದಾ?"

"ಹತ್ತಿ ಮಾಮ," ಅಂದೆ. "ಒಂದು ಸುತ್ತು ಹೋಗ್ಬರೋಣ."

ಹೊಳೆ ಪಕ್ಕದ ನೇರ ರಸ್ತೆಗೆ ಒಯ್ದೆ. ಅರವತ್ತು ದಾಟುತ್ತಿದ್ದಂತೆ ಗೇರ್ ಕೋಲು ನಡುಗಿ ನಡುಗಿ ಕಣ್ಣಿಗೆ ಮಸುಕಾಯಿತು. ಎಂಬತ್ತಕ್ಕೆ ಬಂದಾಗ ಅವರ ಗಲ್ಲ, ಟೋಪಿ, ಜೇಬಿನ ಸಿಗರೇಟು ಎಲ್ಲ ಕುಣಿಯುತ್ತಿದ್ದವು.

"ಇದೇ-ನು ಮಾ-ಮ?"

"ನೀ-ವಾ ಅಂದ್-ರೆ ನಡು-ಗುತ್ತೆ!"

"ನೀವು ಸರಿ ಮಾಡಿದ್ರಂತಲ್ಲ?"

"ನಾನು ಸಡಿಲ ಇದ್ದಿದ್ದನ್ನ ಬಿಗಿ ಮಾಡ್ದೆ. ಈ ನಡುಕ ಬೇರೆ, ಇದು ಹುಟ್ಟುಗುಣ. ನನ್ನದೂ ನಡುಗುತ್ತೆ. ಪಡೇಲಿರೋ ಸ್ಟೋಯನ್‌ದೂ ನಡುಗುತ್ತೆ. ಮೂವತ್ತು ವರ್ಷದಿಂದ ನಡುಗ್ತಾ ಇದೆ, ಯಾರೂ ಸತ್ತಿಲ್ಲ."

ಗಾಡಿ ನಿಲ್ಲಿಸಿದೆ. "ಕೆಳಗೆ ಆ ರಬ್ಬರ್ ಕಪ್ಲಿಂಗ್ ನೋಡಿದ್ರಾ? ಅರ್ಧ ಹರ್ದಿದೆ. ಹೊಸದು ತಂದಿದೀನಿ, ಆದ್ರೆ ಡಬ್ಬಿ ಸೊಟ್ಟ ಇದ್ರೆ ಅದೂ ಹರಿಯುತ್ತೆ. ಬೆಂಕಿಪಟ್ಟಿ ಮಧ್ಯ ಹರಿದ್ರೆ ನಾಲ್ಕು ಚಕ್ರಕ್ಕೂ ಶಕ್ತಿ ನಿಂತೋಗುತ್ತೆ. ಮುಂದೆ ಬೆಂಕಿ, ಹಿಂದೆ ಇಳಿಜಾರು. ಆಗ ಹುಟ್ಟುಗುಣ ಅಂತ ಹೇಳ್ತೀರಾ?"

"ವಿಡಿಯೋ ನೋಡಿ ಕಲ್ತಿದ್ದೆಲ್ಲ ಹೇಳ್ಬೇಡ."

"ನಾನು ಆ ವೆಲ್ಡಿಂಗ್ ಕಟ್ ಮಾಡ್ತೀನಿ."

ಅವರು ನನ್ನ ಕಡೆ ತಿರುಗಲೂ ಇಲ್ಲ. ಗಾಜಿನ ಆಚೆ ನೋಡುತ್ತಾ ಹೇಳಿದರು, "ಕಟ್ ಮಾಡು. ನಾಳೆ ಬರೋದು ಮಾತ್ರ ಮರ್ತುಬಿಡು. ಹಿರಿಯರು ಮಾಡಿದ ಕೆಲಸಕ್ಕೆ ಮರ್ಯಾದೆ ಕೊಡದವರು ನನ್ನ ಪಡೇಲಿ ಬೇಡ."

ಮನೆಗೆ ಬಂದೆ. ಗಾಡಿಯನ್ನು ಎತ್ತಿ ನಾಲ್ಕು ಕಡೆ ಸ್ಟ್ಯಾಂಡ್ ಕೊಟ್ಟೆ. ಗ್ರೈಂಡರ್ ಹಿಡಿದುಕೊಂಡು ಕೆಳಗೆ ಹೋದೆ. ವೆಲ್ಕೊ ಮಾಮ ಹೋಗಲಿಲ್ಲ, ಚಪ್ಪರದ ಕೆಳಗೆ ಅಪ್ಪನ ಎದುರು ಕೂತರು, ನಾನು ನಿಜವಾಗಿಯೂ ಮಾಡುತ್ತೇನಾ ಅಂತ ನೋಡಲು. ಮಾಡಿದೆ. ಕಿಡಿ ಹಾರಿ ಹಂಡೆಯ ಕಡೆ ಹೋಗಿದ್ದೇ ತಡ, ಪೆನಾ ಅತ್ತೆ ಕಿಟಾರನೆ ಕಿರುಚಿದಳು.

"ಗೊಜ್ಜಿಗೆ ಕಬ್ಬಿಣ ಬೀಳುತ್ತಲ್ಲೇ! ನಿನಗೆ ತಲೆ ಕೆಟ್ಟಿದೆಯೇನೇ?"

"ಒಗ್ಗರಣೆ ಅನ್ಕೊಳ್ಳಿ ಅತ್ತೆ!"

"ಹುಡುಗೀರು ಗ್ರೈಂಡರ್ ಹಿಡಿದ್ರೆ ಹಿಂಗೇ," ಎಂದರು ವೆಲ್ಕೊ ಮಾಮ, ಅಪ್ಪನಿಗೆ. ಅಪ್ಪ ಪಕ್ಕದಲ್ಲಿದ್ದರೆ ನನಗೆ ಹೇಳಬೇಕಾದ ಯಾವ ಮಾತನ್ನೂ ಅವರು ನನಗೆ ಹೇಳುವುದಿಲ್ಲ. ಎಲ್ಲ ಅಪ್ಪನ ಮೂಲಕವೇ ಬರಬೇಕು.

ಕೊನೆಯ ವೆಲ್ಡು ಬಿಟ್ಟಾಗ ಇನ್ನೊಂದು ಅವಾಂತರ ಕಂಡಿತು. ತುಕ್ಕು ಹಿಡಿದು ತೆಳುವಾದ ನೆಲವನ್ನು ಅವರ ವೆಲ್ಡಿಂಗ್ ಸುಟ್ಟು ತೂತು ಮಾಡಿತ್ತು, ಹೆಬ್ಬೆರಳು ಹೋಗುವಷ್ಟು. ಮೇಲಿನ ಕಾರ್ಪೆಟ್ಟೂ ಕರಕಲಾಗಿತ್ತು. ಗಾಡಿಗೆ ಬೆಂಕಿ ಹತ್ತದಿದ್ದುದೇ ಪುಣ್ಯ. ಬೆಂಕಿ ಪಡೆಯ ನಾಯಕ! ನಾನು ಒಬ್ಬಳೇ ಕೆಳಗೆ ಮಲಗಿ ನಕ್ಕುಬಿಟ್ಟೆ, ಆಮೇಲೆ ಇನ್ನೂ ಸಿಟ್ಟು ಬಂತು. ದಪ್ಪ ತಗಡು ಕತ್ತರಿಸಿ, ಮೇಲಿಂದ ಇಟ್ಟು ಬೋಲ್ಟು ಹಾಕಿ ಮುಚ್ಚಿದೆ. ಹೊಸ ಕಪ್ಲಿಂಗು ಹಾಕಿದೆ. ನಟ್ಟುಗಳನ್ನು ಡಬ್ಬಿ ಜರುಗುವಷ್ಟು ಮಾತ್ರ ಸಡಿಲ ಇಟ್ಟೆ.

ಇನ್ನು ಮುಂದಿನ ಕೆಲಸ ಒಬ್ಬರಿಂದ ಆಗುವುದಿಲ್ಲ. ಚಕ್ರಗಳು ಗಾಳಿಯಲ್ಲಿ ತಿರುಗುತ್ತಿರಬೇಕು, ಒಬ್ಬರು ಮೇಲೆ ಕೂತು ಎಂಬತ್ತರಲ್ಲಿ ಎಂಜಿನ್ ಓಡಿಸುತ್ತಿರಬೇಕು, ಇನ್ನೊಬ್ಬರು ಕೆಳಗೆ ಕೈಯಿಟ್ಟು ನಡುಕ ಎಲ್ಲಿ ಸಾಯುತ್ತದೋ ಆ ಜಾಗ ಹುಡುಕಬೇಕು.

"ಅಪ್ಪ, ಬಾ. ಸ್ವಲ್ಪ ಆಕ್ಸಿಲರೇಟರ್ ಒತ್ತು."

ಅಪ್ಪ ವೆಲ್ಕೊ ಮಾಮನ ಮುಖ ನೋಡಿದ. ಆಮೇಲೆ ತನ್ನ ಗ್ಲಾಸನ್ನು ನೋಡಿದ. "ನನ್ ಸೊಂಟ ನೋಯ್ತಿದೆ ಕಣಮ್ಮ."

"ಪಾದಕ್ಕೂ ಸೊಂಟಕ್ಕೂ ಏನಪ್ಪ ಸಂಬಂಧ?"

"ವೆಸೆಲಾ. ಸಾಕು. ಮಾಮನಿಗೆ ಒಂದು ಕ್ಷಮೆ ಕೇಳಿಬಿಡು. ವಾಪಸ್ ಅಂಟಿಸ್ಕೊಡ್ತಾನೆ. ಎಲ್ಲ ಮುಗಿದೋಗುತ್ತೆ."

ಬಾಯಿಗೆ ಬಂದದ್ದನ್ನು ಹೇಳಿದ್ದರೆ ನಾನು ಈಗಲೂ ಆ ಮನೆಗೆ ಕಾಲಿಡುತ್ತಿರಲಿಲ್ಲ. ಹೇಳುವ ಮೊದಲೇ ಹಿಂದಿನಿಂದ ಏನೋ ಠಕ್ ಅಂತು. ಅಮ್ಮ ಹುಟ್ಟನ್ನು ಹಂಡೆಯ ಅಂಚಿಗೆ ಒರಗಿಸಿ ಇಟ್ಟಿದ್ದಳು.

"ನಾನು ಒತ್ತುತ್ತೀನಿ," ಅಂದಳು.

ಪೆನಾ ಅತ್ತೆ ಎದೆ ಹಿಡಿದುಕೊಂಡಳು. "ಡೋಬ್ರಿನ್ಕಾ! ತಳ ಹಿಡಿಯುತ್ತೆ!"

"ಹಿಡೀಲಿ."

ಅಮ್ಮ ಜೀವಮಾನದಲ್ಲಿ ಗಾಡಿ ಓಡಿಸಿದವಳಲ್ಲ. ಮದುವೆಯಾದ ಹೊಸದರಲ್ಲಿ ಕಲಿಯುತ್ತೇನೆ ಅಂದಿದ್ದಳಂತೆ, ಬಸ್ಸಿದೆಯಲ್ಲ ಅಂದಿದ್ದನಂತೆ ಅಪ್ಪ. ಮೆಣಸಿನಕಾಯಿಯ ಕೆಂಪು ಹತ್ತಿದ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡು ಎತ್ತರದ ಸೀಟಿಗೆ ಹತ್ತಿ ಕೂತಳು.

"ಯಾವುದು ಒತ್ಬೇಕು ಹೇಳು. ಬೇಗ."

"ಎಡಗಡೇದು ಒತ್ತು. ಹೂಂ. ಈಗ ಮೆಲ್ಲಗೆ ಬಿಡು, ಬಲಗಡೇದು ಒತ್ತು."

ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು. ವೆಲ್ಕೊ ಮಾಮ ನಕ್ಕರು. ಅಮ್ಮ ಅವರ ಕಡೆ ನೋಡಿದ ನೋಟ ನಾನು ಹಿಂದೆಂದೂ ನೋಡಿದ್ದಲ್ಲ. ಎರಡನೇ ಸಲಕ್ಕೆ ಚಕ್ರಗಳು ತಿರುಗಿದವು. ನಾನು ಕಿಟಕಿಯಿಂದ ಗೇರ್ ಬದಲಿಸುತ್ತಾ ಹೋದೆ, ಅವಳು ಕ್ಲಚ್ ಒತ್ತುತ್ತಾ ಹೋದಳು. ಒಂದು, ಎರಡು, ಮೂರು, ನಾಲ್ಕು. ಮುಳ್ಳು ಎಂಬತ್ತಕ್ಕೆ ಬಂತು. ನಮ್ಮಮ್ಮ ಎಲ್ಲಿಗೂ ಹೋಗದೆ ಎಂಬತ್ತರ ವೇಗದಲ್ಲಿ ಹೋಗುತ್ತಿದ್ದಳು, ಎರಡೂ ಕೈಯಿಂದ ಸ್ಟೀರಿಂಗನ್ನು ಕತ್ತು ಹಿಸುಕುವ ಹಾಗೆ ಹಿಡಿದುಕೊಂಡು.

"ಯಾರಾದ್ರೂ ತಿರುವಿ! ಸೀದ ವಾಸನೆ ಬರ್ತಿದೆ! ನನ್ನ ಕೈಯೆಲ್ಲ ಜಾಡಿ!" ಅಂತ ಪೆನಾ ಅತ್ತೆಯ ಗೋಳು.

ಅಪ್ಪ ಎದ್ದ. ವೆಲ್ಕೊ ಮಾಮ "ಏಯ್ ಅಸೆನ್, ಎಲ್ಲಿಗೋ?" ಅಂದರು. ಅಪ್ಪ ನೇರ ಹೋಗಿ ಹುಟ್ಟು ಹಿಡಿದ. ಸೊಂಟ ನೋಯುತ್ತಿದ್ದ ಲಕ್ಷಣ ಕಾಣಲಿಲ್ಲ.

ಕೂದಲನ್ನು ಟೋಪಿಯೊಳಗೆ ತುರುಕಿ, ತೋಳು ಮಡಚಿ ಕೆಳಗೆ ಹೋದೆ. ಮುಖದ ಪಕ್ಕದಲ್ಲೇ ಶಾಫ್ಟುಗಳು ತಿರುಗುತ್ತಿದ್ದವು. ಡಬ್ಬಿಯ ಮೇಲೆ ಅಂಗೈ ಇಟ್ಟೆ. ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಮರದ ತುಂಡಿಟ್ಟು ಎಡಕ್ಕೆ ತಟ್ಟಿದೆ. ಇನ್ನೂ ಜೋರಾಯಿತು. ಬಲಕ್ಕೆ ತಟ್ಟಿದೆ. ಸ್ವಲ್ಪ ಇಳಿಯಿತು. ಇನ್ನೊಂದು ಸಲ. ಮೊಣಕೈಯವರೆಗೆ ಏರಿದ್ದ ನಡುಕ ಮಣಿಕಟ್ಟಿಗೆ ಇಳಿಯಿತು, ಬೆರಳಿಗೆ ಇಳಿಯಿತು. ಮತ್ತೊಂದು ಸಣ್ಣ ಏಟು, ಅಷ್ಟೇ. ಅಂಗೈ ಕೆಳಗೆ ಬರೀ ಗುಂಯ್ ಎನ್ನುವ ಬಿಸಿ ಕಬ್ಬಿಣ. ಉಸಿರು ಬಿಗಿಹಿಡಿದು ನಾಲ್ಕೂ ನಟ್ಟು ಬಿಗಿ ಮಾಡಿದೆ.

"ಸಾಕಮ್ಮ! ನಿಲ್ಸು!"

ಎಂಜಿನ್ ಶಬ್ದ ಇಳಿಯಲಿಲ್ಲ. ಏರಿತು.

"ಅಮ್ಮಾ, ಆಯ್ತು! ಕಾಲು ತೆಗಿ!"

"ತೆಗೀತೀನಿ ಇರು," ಅಂದಳು. ನಾನು ಹೊರಗೆ ತೂರಿ ಬಂದು ಕಿಟಕಿಯಲ್ಲಿ ಇಣುಕಿದೆ. ಮುಳ್ಳು ನೂರರ ಹತ್ತಿರ ಹೋಗಿ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಗೇರ್ ಕೋಲು ಅಲುಗಲಿಲ್ಲ. ಆಮೇಲೆ ಅವಳೇ ಕಾಲು ತೆಗೆದಳು, ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದಳು, ಇಳಿದಳು, ಅಪ್ಪನ ಕೈಯಿಂದ ಹುಟ್ಟು ಕಿತ್ತುಕೊಂಡು ತಳ ಕೆರೆದು ನೋಡಿದಳು. "ಸೀದಿದೆ," ಎಂದು ಅಪ್ಪನಿಗೆ ಹೇಳಿದಳು. "ಚಳಿಗಾಲ ಪೂರ್ತಿ ನೀನೇ ತಿನ್ನು."

ವೆಲ್ಕೊ ಮಾಮ ಎದ್ದು ಬಂದರು. ಕಿಟಕಿಯಿಂದ ಕೈ ಹಾಕಿ, ಕೀಲಿ ತಿರುಗಿಸಿ ಮತ್ತೆ ಸ್ಟಾರ್ಟ್ ಮಾಡಿದರು. ಗೇರ್ ಕೋಲಿನ ಮೇಲೆ ಎರಡು ಬೆರಳಿಟ್ಟು ಎಂಜಿನ್ ಶಬ್ದ ಕೇಳುತ್ತಾ ನಿಂತರು. ಬಗ್ಗಿ ಕೆಳಗೆ ನೋಡಿದರು. ಅವರು ಸುಟ್ಟ ತೂತಿನ ಮೇಲೆ ನಾನು ಹಾಕಿದ್ದ ತಗಡು ಅವರಿಗೆ ಕಂಡಿತು, ಅವರು ಅದನ್ನು ನೋಡಿದ್ದು ನನಗೂ ಕಂಡಿತು. ಗಾಡಿ ಆಫ್ ಮಾಡಿದರು. ತಪ್ಪಾಯಿತು ಎನ್ನಲಿಲ್ಲ. ಟೋಪಿ ಸರಿ ಮಾಡಿಕೊಂಡು ಗೇಟಿನವರೆಗೆ ಹೋಗಿ, ತಿರುಗಿ ಅಪ್ಪನಿಗೆ ಹೇಳಿದರು.

"ಅಸೆನ್, ನಿನ್ನ ಮಗಳಿಗೆ ಹೇಳು. ನಾಳೆ ಎಂಟಕ್ಕೆ ಟ್ಯಾಂಕ್ ತುಂಬಿಸ್ಕೊಂಡು ಸೇತುವೆ ಹತ್ರ ಬರ್ಲಿ."

ಅಪ್ಪ ನನ್ನ ಕಡೆ ತಿರುಗಿದ, ಮುಖ ಅರಳಿತ್ತು. ಬಾಯಿ ತೆರೆದ.

"ಅಪ್ಪ, ನೀನು ಹೇಳ್ಬೇಡ," ಅಂದೆ. ಕೈಯಲ್ಲಿ ಸ್ಪ್ಯಾನರ್ ಇತ್ತು, ಅದನ್ನು ಇಡಲೂ ಮರೆತು ಗೇಟಿನ ಹತ್ತಿರ ಹೋದೆ. "ನಾನು ಇಲ್ಲೇ ನಿಂತಿದೀನಿ ಮಾಮ. ನನಗೇ ಹೇಳಿ."

ವೆಲ್ಕೊ ಮಾಮ ಸ್ಪ್ಯಾನರ್ ನೋಡಿದರು, ಗೇಟಿನ ತಮ್ಮದೇ ವೆಲ್ಡಿಂಗ್ ನೋಡಿದರು, ನೋಡಲು ಬೇರೇನೂ ಉಳಿಯದಿದ್ದಾಗ ನನ್ನ ಮುಖ ನೋಡಿದರು.

"ನಾಳೆ ಎಂಟಕ್ಕೆ," ಅಂದರು. ಆಮೇಲೆ, ಹಲ್ಲು ಕಿತ್ತ ಹಾಗೆ, "ವೆಸೆಲಾ."

"ಬರ್ತೀನಿ," ಅಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.